ಒಣಗಿದ ಮೂಗು

ಬೀರೂರು ದಾಟುವವರೆಗೂ ಮಿಸ್ರಿ ಒಂದು ಸಲವೂ ಸೀನಲಿಲ್ಲ. ಅಂಬರೀನ್ ತೊಡೆಯ ಮೇಲಿದ್ದ ತರಕಾರಿ ಬುಟ್ಟಿಯ ಬಾಯಿಗೆ ಕಟ್ಟಿದ ಹಳೇ ಸೀರೆಯ ತುಂಡನ್ನು ಬೆರಳಗಲ ಸರಿಸಿ ಮತ್ತೆ ಮತ್ತೆ ಒಳಗೆ ನೋಡುತ್ತಿದ್ದಳು. ಬೆಕ್ಕಿನ ಮೂಗು ಒಣಗಿತ್ತು. ಒಂಬತ್ತು ದಿನ ಹಗಲೂ ರಾತ್ರಿ ಹಸಿರು ಸಿಂಬಳ ಸುರಿಸಿದ ಮೂಗು ಇವತ್ತು ಅಂಚಿನಲ್ಲಿ ಸ್ವಲ್ಪ ಒಡೆದು, ಮಿಕ್ಕಂತೆ ಚೊಕ್ಕಟವಾಗಿತ್ತು. ಅವಳಿಗೆ ಖುಷಿಯಾಯಿತು, ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಅವಳ ಆಧಾರ್ ಕಾರ್ಡನ್ನು ಸರಿಯಾಗಿ ನೋಡದೆ ಹೆಂಗಸರ ಫ್ರೀ ಟಿಕೆಟ್ ಹರಿದುಕೊಟ್ಟು, ಆಮೇಲೆ ಬುಟ್ಟಿಯನ್ನು ನೋಡಿದ. "ಏನಮ್ಮಾ ಅದು, ಕೋಳಿಯಾ?" ಎಂದ. ಬೆಕ್ಕು ಎಂದಳು. "ಬೆಕ್ಕಿಗೆ ಲಗೇಜ್ ಟಿಕೆಟ್ ಆಗುತ್ತೆ ಕಣಮ್ಮಾ." ಮುಂದಿನ ಸೀಟಿನ ಹೆಂಗಸು ತಿರುಗಿ, "ಹೆಣ್ಣು ಬೆಕ್ಕಾದ್ರೆ ಅದಕ್ಕೂ ಫ್ರೀ ಕೊಡಪ್ಪಾ, ಗಂಟೇನು ಹೋಗುತ್ತೆ" ಎಂದಳು. ಸುತ್ತ ಕೂತವರು ನಕ್ಕರು. ಅಂಬರೀನಳೂ ನಗಲು ಹೋದಳು. ನಗುವಿನ ಹಿಂದೆಯೇ ಕೆಮ್ಮು ಎದ್ದು ಬಂತು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದು, ಮೂಗಿನಲ್ಲಿ ಮೆಲ್ಲಗೆ ಉಸಿರೆಳೆದು, ಮನಸ್ಸಿನಲ್ಲೇ ಮೂವತ್ತು ಎಣಿಸಿದಳು. ಕೆಮ್ಮು ಒಳಗೆ ಹೋಯಿತು. ಈ ವಿದ್ಯೆಯಲ್ಲಿ ಅವಳಿಗೆ ಹದಿನೆಂಟು ವರ್ಷದ ಅನುಭವವಿತ್ತು.

ಪಕ್ಕದಲ್ಲಿ ಕೂತಿದ್ದವಳು ಸೆರಗನ್ನು ಮೂಗಿಗೆ ಹಿಡಿದು ಕಿಟಕಿಯ ಕಡೆ ತಿರುಗಿದ್ದಳು. ಬುಟ್ಟಿಯಿಂದ ಬರುತ್ತಿದ್ದ ವಾಸನೆಗೆ. ಮಿಸ್ರಿಯ ಬಾಯಿ ನಾರಲು ಶುರುವಾಗಿ ವರ್ಷವೇ ಆಗಿತ್ತು. ಹಲ್ಲಿನ ಬುಡಕ್ಕೆಲ್ಲ ಹಳದಿ ಕಲ್ಲು ಕಟ್ಟಿ, ವಸಡು ಕೆಂಪಾಗಿ, ಅನ್ನವನ್ನು ಬಾಯಿಗೆ ಹಾಕಿಕೊಂಡು ಉಗುಳುತ್ತಿತ್ತು. ಸೀರೆಗಳಿಗೆ ಕುಚ್ಚು ಹಾಕುವ ಕೆಲಸ ಅಂಬರೀನಳದು. ಅಂಗಡಿಯವರು ಕೊಟ್ಟ ಸೀರೆಯ ಸೆರಗು ಬೆಕ್ಕಿನ ಹತ್ತಿರ ಸುಳಿಯದ ಹಾಗೆ ಮೊಳೆಗೆ ಎತ್ತಿ ಕಟ್ಟಿ, ಗಂಟು ಹಾಕುತ್ತ, ಕಾಲಿನ ಮೇಲೆ ಮಲಗಿದ ಬೆಕ್ಕಿನ ನಾರುವ ಉಸಿರನ್ನು ಅವಳು ದಿನವಿಡೀ ಕುಡಿಯುತ್ತಿದ್ದಳು. ಅವಳಿಗೆ ಅದು ವಾಸನೆ ಎಂದು ಅನ್ನಿಸುವುದೇ ನಿಂತುಹೋಗಿತ್ತು. ಮನೆ ತಮ್ಮ ಜಾವೀದನದು. ಕಡೂರಿನ ಆ ಎರಡು ಕೋಣೆಯ ಮನೆಯಲ್ಲಿ ಮದುವೆಯಾದ ಎಂಟು ವರ್ಷದ ಮೇಲೆ ಅವನ ಹೆಂಡತಿ ನೂರೈನಳಿಗೆ ಬಸಿರು ನಿಂತಿತ್ತು. ನಾಲ್ಕು ತಿಂಗಳಾದರೂ ವಾಂತಿ ನಿಂತಿರಲಿಲ್ಲ. ಒಗ್ಗರಣೆಯ ವಾಸನೆ ಆಗದು, ಸೋಪಿನ ವಾಸನೆ ಆಗದು, ಬೆಕ್ಕಿನ ಬಾಯಿಯಂತೂ ಸುತರಾಂ ಆಗದು. ನೂರೈನ್ ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಿತ್ತು, ಜಗಳವಾದರೂ ಆಡಬಹುದಿತ್ತು. ಆಕೆ ಬಚ್ಚಲಿನಿಂದ ಬಾಯಿ ಒರೆಸಿಕೊಂಡು ಬಂದು, ಗೋಡೆ ಹಿಡಿದು ನಿಂತು, "ಆಪಾ, ನಾನೇನೂ ಅನ್ಕೊಳ್ಳಲ್ಲ. ನನ್ನ ಹೊಟ್ಟೇನೇ ಮಾತು ಕೇಳ್ತಿಲ್ಲ" ಎನ್ನುತ್ತಿದ್ದಳು. ತಪ್ಪು ಮಾಡಿದವರ ಹಾಗೆ ಆಕೆಯೇ ತಲೆ ತಗ್ಗಿಸುತ್ತಿದ್ದಳು. ಅಂಬರೀನ್ ಬೆಕ್ಕನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು. ಹಿತ್ತಲಲ್ಲಿ ನಿಲ್ಲುವಾಗಲೆಲ್ಲ, ಈ ಮನೆ ಎಷ್ಟನ್ನು ತಡೆದುಕೊಂಡೀತು ಎಂದು ಯೋಚಿಸುತ್ತಿದ್ದಳು. ಬೆಕ್ಕಿನ ಬಗ್ಗೆ ಮಾತ್ರ ಯೋಚಿಸುತ್ತಿದ್ದಳು ಎಂದರೆ ಅದು ಸುಳ್ಳು.

ಜಾವೀದನೂ ಸಿಟ್ಟಿನಲ್ಲೇನೂ ಹೇಳಲಿಲ್ಲ. ಗೂಡ್ಸ್ ಆಟೋ ಒರೆಸುತ್ತ, ಅವಳ ಮುಖ ನೋಡದೆ, "ಮುಂದಿನ ವಾರ ಶುಕ್ರವಾರದೊಳಗೆ ಏನಾದ್ರೂ ಮಾಡು ಆಪಾ. ಶನಿವಾರ ಎಮ್ಮೆದೊಡ್ಡಿ ಕಡೆ ಮೇವಿನ ಲೋಡ್ ಇದೆ. ಆಗ್ಲಿಲ್ಲ ಅಂದ್ರೆ ಹುಲ್ಲುಗಾವಲ್ ಪಕ್ಕ ಬೀರಪ್ಪನ ಕೊಟ್ಟಿಗೇಲಿ ಬಿಟ್ಟು ಬತ್ತೀನಿ. ಇಲಿ ಗಿಲಿ ಹಿಡ್ಕೊಂಡು ಬದುಕ್ಕೊಳ್ತದೆ" ಎಂದಿದ್ದ. ಅನ್ನವನ್ನೇ ನುಂಗಲಾರದ ಬೆಕ್ಕು ಇಲಿ ಹಿಡಿಯುತ್ತದೆಯೇ ಎಂದು ಅವಳು ಕೇಳಲಿಲ್ಲ. ತಮ್ಮನ ಮನೆಯಲ್ಲಿ ಉಣ್ಣುವ ಅಕ್ಕ ಕೇಳಬಾರದ ಪ್ರಶ್ನೆಗಳ ಪಟ್ಟಿ ಅವಳ ತಲೆಯಲ್ಲಿ ಬಹಳ ಹಿಂದೆಯೇ ತಯಾರಾಗಿತ್ತು. ಬೆಕ್ಕಿನ ಹಲ್ಲು ತೊಳೆಯುವವರು ಕಡೂರಿನಲ್ಲಿ ಅವಳಿಗೆ ಯಾರೂ ಸಿಗಲಿಲ್ಲ. ಕುಚ್ಚಿನ ಅಂಗಡಿಯವರೇ ಹೇಳಿದರು, ತರೀಕೆರೆಯಲ್ಲಿ ಒಬ್ಬರು ಲೇಡಿ ಡಾಕ್ಟರ್ ಇದ್ದಾರೆ ಎಂದು. ಫೋನ್ ಮಾಡಿದರೆ, ಹಲ್ಲಿನ ಕೆಲಸಕ್ಕೆ ಪೂರ್ತಿ ಮಂಪರು ಕೊಡಬೇಕು, ಅದರ ಮೆಷೀನ್ ಶಿವಮೊಗ್ಗದಿಂದ ತರಿಸಬೇಕು, ಅದಕ್ಕೇ ತಿಂಗಳಿಗೊಂದೇ ಶುಕ್ರವಾರ ಎಂದರು. ಹೆಸರು ಬರೆಸಿದ ಮಾರನೆಯ ದಿನ ಮಿಸ್ರಿ ಮೊದಲ ಸಲ ಸೀನಿತು.

ನಿನ್ನೆ ಗುರುವಾರ. ಗುರುವಾರ ಸಂಜೆ ನಮಾಜಾದ ಮೇಲೆ ಮನೆಯ ಮೂಲೆ ಮೂಲೆಗೂ ಲೋಬಾನ್ ಹೊಗೆ ತೋರಿಸುವುದು ಅಮ್ಮಿಯ ಕಾಲದಿಂದ ನಡೆದುಬಂದದ್ದು. ಹೊಗೆ ಮುಗಿದ ಮೇಲೆ ಅಂಬರೀನ್ ಕೆಂಡದ ಬಟ್ಟಲನ್ನು ಹಿತ್ತಲಿಗೆ ಒಯ್ದು, ಇನ್ನೊಂದು ಚೂರು ಲೋಬಾನನ್ನೂ ಒಂದು ಹಿಡಿ ಓಮವನ್ನೂ ಹಾಕಿ, ಚೌಕುಳಿ ದುಪ್ಪಡಿ ಹೊದ್ದು, ಬೆಕ್ಕನ್ನು ಒಳಗೆಳೆದುಕೊಂಡು ಕೂತಳು. ಕೂಸುಗಳಿಗೆ ನೆಗಡಿಯಾದರೆ ಅವರ ಮನೆಗಳಲ್ಲಿ ಹೀಗೇ ಮಾಡುವುದು, ಬೆಳಗಾಗುವುದರಲ್ಲಿ ಮೂಗು ಒಣಗುತ್ತದೆ. ಮಿಸ್ರಿ ಅವಳ ಮೊಣಕೈಯನ್ನು ಗೀರಿ ರಕ್ತ ಬರಿಸಿತು. ಆಮೇಲೆ ಸುಮ್ಮನಾಯಿತು. ಕಣ್ಣು ಉರಿಯುತ್ತಿತ್ತು, ಅವಳದೇ ಎದೆಯೊಳಗೆ ಸಣ್ಣ ಸೀಟಿ ಏಳುತ್ತಿತ್ತು. ಅಲುಗಬೇಡ ಬೇಟಾ, ಇನ್ನೊಂಚೂರು, ಇನ್ನೊಂಚೂರು. ಅದು ಹದಿನೆಂಟು ವರ್ಷದ ಹಿಂದಿನ ಕೈ, ಅವಳ ಕತ್ತನ್ನು ಬಗ್ಗಿಸಿ ಹಿಡಿದ ಅಮ್ಮಿ ಮಹಬೂಬ್ ಬಿಯ ಒರಟು ಕೈ. ದುಪ್ಪಡಿಯೊಳಗೆ ಇಪ್ಪತ್ತಮೂರು ವರ್ಷದ ಅಂಬರೀನ್ ಬೆವರಿ ತೊಪ್ಪೆಯಾಗಿದ್ದಳು. ಮಾರನೆಯ ದಿನ ಅಜ್ಜಂಪುರದವರು ನೋಡಲು ಬರುವವರಿದ್ದರು. ಒಂದು ಗಂಟೆ ತಡ್ಕೋ ಅಷ್ಟೆ. ಕೆಮ್ಮು ಬಂದ್ರೆ ನುಂಗು. ಮೂವತ್ತು ಎಣಿಸು. ಏನಾದ್ರೂ ಕೇಳಿದ್ರೆ ಇಲ್ಲ ಅನ್ನು, ನಾನೂ ಇಲ್ಲ ಅಂತೀನಿ. ಅಜ್ಜಂಪುರದ ಹೆಂಗಸು ಚಹಾದ ಬಸಿಯನ್ನು ಕೆಳಗಿಟ್ಟು, ಬಹಳ ಸಹಜವಾಗಿ, ನಗುತ್ತಲೇ ಕೇಳಿದ್ದರು: "ಹುಡುಗಿ ಆರೋಗ್ಯ ಹೆಂಗಮ್ಮಾ? ದಮ್ಮು ಗಿಮ್ಮು ಏನೂ ಇಲ್ಲ ತಾನೆ?" ಇಲ್ಲ ಎಂದಳು ಅಮ್ಮಿ. ಇಲ್ಲ ಎಂದಳು ಅವಳೂ. ಅವರದು ಈರುಳ್ಳಿ ವ್ಯಾಪಾರ. ಮನೆಯ ಹಿಂದೆಯೇ ಗೋದಾಮು. ಮದುವೆಯಾಗಿ ಮೂರನೇ ತಿಂಗಳು ಸುಗ್ಗಿ ಬಂತು. ಒಣ ಸಿಪ್ಪೆಯ ದೂಳು ಅಡುಗೆಮನೆಯ ಪಾತ್ರೆಯ ಮೇಲೂ ಕೂರುತ್ತಿತ್ತು. ಹದಿನಾಲ್ಕು ತಿಂಗಳು ಅವಳು ನುಂಗಿದಳು, ನುಂಗಿದಷ್ಟೂ ಅದು ಒಳಗೆ ಬೆಳೆಯಿತು. ಕೊನೆಗೆ ಒಂದು ಮಧ್ಯಾಹ್ನ ಗಂಡನ ಅಪ್ಪ ತಾವೇ ಅವಳನ್ನು ಕರೆದುಕೊಂಡು ಕಡೂರಿಗೆ ಬಂದರು. ಬಾಗಿಲ ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತು, "ಚೀಲದ ಮೇಲೆ ಒಳ್ಳೇದು ಜೋಡ್ಸಿ, ಕೆಳಗೆ ಕೊಳೆತಿದ್ದು ತುಂಬಿ ಕಳ್ಸಿದ್ರಿ. ನಾವು ವ್ಯಾಪಾರದೋರು, ನಮಗೇ ಗೊತ್ತಾಗ್ಲಿಲ್ಲ" ಎಂದರು. ಆಗ ಜಾವೀದನಿಗೆ ಹದಿನೆಂಟು. ಅಕ್ಕನ ಟ್ರಂಕನ್ನು ಒಳಗೆ ತಂದಿಟ್ಟವನು ಅವನೇ.

ಬೆಳಿಗ್ಗೆ ಮಿಸ್ರಿಯ ಮೂಗು ನಿಜವಾಗಿಯೂ ಒಣಗಿತ್ತು. ಪಕ್ಕೆ ಮಾತ್ರ ಏರಿ ಇಳಿಯುವುದು ಬೇಗ ಬೇಗ ಆಗುತ್ತಿತ್ತು. ಅದನ್ನು ಅಂಬರೀನ್ ನೋಡಿದ್ದಳು. ನೋಡಿ, ಸೀರೆಯ ತುಂಡನ್ನು ಬುಟ್ಟಿಯ ಬಾಯಿಗೆ ಕಟ್ಟಿದಳು.

ತರೀಕೆರೆಯ ಕ್ಲಿನಿಕ್ಕಿನಲ್ಲಿ ಫಿನಾಯಿಲ್ ವಾಸನೆ. ಡಾಕ್ಟರ್ ಹೇಮಶ್ರೀಗೆ ಮೂವತ್ತೆರಡೋ ಮೂವತ್ತಮೂರೋ ಇರಬಹುದು. ಸಹಾಯಕ್ಕೆ ಲಕ್ಕಣ್ಣ ಎಂಬ ನರೆತ ಮೀಸೆಯ ಮನುಷ್ಯ. ರಾತ್ರಿಯಿಂದ ಏನೂ ತಿನ್ನಿಸಿಲ್ಲ ತಾನೆ ಎಂದು ಕೇಳಿದ ಡಾಕ್ಟರ್, ಬೆಕ್ಕಿನ ತುಟಿ ಎತ್ತಿ ನೋಡಿ, "ಪಾಪ, ಎಷ್ಟು ನೋವು ತಿಂದಿದೆ ಇದು" ಎಂದರು. ಮೂಗು ಮುಚ್ಚಿಕೊಳ್ಳಲಿಲ್ಲ. ಅಷ್ಟಕ್ಕೇ ಅಂಬರೀನಳ ಕಣ್ಣು ತುಂಬಿ ಬಂತು. ಮಿಸ್ರಿಯ ಬಾಯಿಗೆ ಮುಖ ಹತ್ತಿರ ತಂದು ಮಾತಾಡಿದವರನ್ನು ಅವಳು ಒಂದು ವರ್ಷದಿಂದ ಕಂಡಿರಲಿಲ್ಲ. ಡಾಕ್ಟರ್ ಸ್ಟೆತಾಸ್ಕೋಪನ್ನು ಬೆಕ್ಕಿನ ಎದೆಗಿಟ್ಟರು. ಹುಬ್ಬು ಗಂಟಿಕ್ಕಿದರು. "ಗುರುಗುಡ್ತಾ ಇದೆಯಲ್ಲ, ಎದೆ ಸದ್ದು ಏನೂ ಕೇಳಿಸ್ತಿಲ್ಲ" ಎಂದರು. ಲಕ್ಕಣ್ಣನಿಗೆ ನಲ್ಲಿ ಬಿಡಲು ಹೇಳಿದರು, ನೀರಿನ ಸದ್ದಿಗೆ ಕೆಲವು ಬೆಕ್ಕು ಗುರುಗುಡುವುದನ್ನು ನಿಲ್ಲಿಸುತ್ತವಂತೆ. ಮಿಸ್ರಿ ನಲ್ಲಿಯ ಕಡೆ ನೋಡಿತು, ಕಿವಿ ನಿಗುರಿಸಿತು, ಮತ್ತೆ ಗುರುಗುಟ್ಟಿತು. ಅಂಬರೀನಳ ಬೆರಳು ಅದರ ಗಲ್ಲದ ಕೆಳಗೆ ಇತ್ತು. ಅಲ್ಲಿ, ಕತ್ತಿನ ಬಿಳಿ ಕೂದಲು ಶುರುವಾಗುವ ಜಾಗದಲ್ಲಿ ಕೆರೆದರೆ ಮಿಸ್ರಿ ಲೋಕ ಮರೆಯುತ್ತದೆಂದು ಅವಳೊಬ್ಬಳಿಗೇ ಗೊತ್ತು. ಅವಳು ಬೆರಳನ್ನು ತೆಗೆಯಬಹುದಿತ್ತು. ತೆಗೆಯಲಿಲ್ಲ.

"ನೆಗಡಿ, ಸೀನು, ಕೆಮ್ಮು ಏನಾದ್ರೂ ಇತ್ತಾ, ಈ ಹದಿನೈದು ದಿನದಲ್ಲಿ?"

"ಇಲ್ಲ."

"ಯೋಚನೆ ಮಾಡಿ ಹೇಳಿ. ನೆಗಡಿ ಇದ್ರೆ ಮಂಪರಿನಲ್ಲಿ ಉಸಿರು ಕಟ್ಟೋ ಭಯ ಇರುತ್ತೆ. ಒಂಚೂರು ಇದ್ರೂ ಇವತ್ತು ಬೇಡ. ಮುಂದಿನ ತಿಂಗಳು ಮಾಡೋಣ."

ಮುಂದಿನ ತಿಂಗಳಿಗಿಂತ ಮೊದಲು ಶನಿವಾರವಿತ್ತು. ಶನಿವಾರ ಎಂದರೆ ನಾಳೆ. ಜಾವೀದನ ಗೂಡ್ಸ್ ಆಟೋದಲ್ಲಿ ಮೇವಿನ ಪಕ್ಕ ಇದೇ ಬುಟ್ಟಿ ಇರುತ್ತಿತ್ತು. "ಇಲ್ಲ ಮೇಡಂ, ಏನೂ ಇಲ್ಲ" ಎಂದಳು ಅಂಬರೀನ್. ಹೇಳಿದ ಮೇಲೆ ಅವಳಿಗೆ ಅನ್ನಿಸಿತು, ಆ ಮಾತು ತನ್ನ ಬಾಯಿಂದ ಬಂದ ರೀತಿ ಅಮ್ಮಿಯದೇ, ಆ ಒಂಚೂರು ಬೇಸರದ, ಇದನ್ನೆಲ್ಲ ಕೇಳಬೇಕೇ ಎನ್ನುವ ಧಾಟಿ. ಡಾಕ್ಟರ್ ಕಾರ್ಡಿನ ಮೇಲೆ ಬರೆದುಕೊಂಡರು. ಒಂದು ಹಾಳೆಗೆ ಸೈನ್ ಹಾಕಿಸಿಕೊಂಡರು. ಲಕ್ಕಣ್ಣ ಎತ್ತಿಕೊಂಡಾಗ ಮಿಸ್ರಿ ಅವನ ಹೆಗಲ ಮೇಲಿಂದ ಅವಳ ಕಡೆಗೇ ನೋಡುತ್ತಿತ್ತು. ಬಾಗಿಲು ಮುಚ್ಚುವಾಗ ಅದು ಸೀನಿತೋ, ಬಾಗಿಲೇ ಕಿರುಗುಟ್ಟಿತೋ, ಅವಳಿಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದೇ ಆಮೇಲೂ ಅಂದುಕೊಂಡಳು.

ಬೆಂಚಿನ ಮೇಲೆ ಕೂತಳು. ಎದುರು ಗೋಡೆಗೆ ಹಸುವಿನ ಹೊಟ್ಟೆಯ ಒಳಭಾಗದ ಚಿತ್ರವಿತ್ತು. ಒಳಗಿನಿಂದ ಹಲ್ಲು ಉಜ್ಜುವ ಯಂತ್ರದ ಕೊಯ್ ಎನ್ನುವ ಸದ್ದು ಕೇಳಿಸತೊಡಗಿತು. ಕೆಲಸ ನಡೆಯುತ್ತಿದೆ. ಮಿಸ್ರಿಗೇನೂ ಆಗಿಲ್ಲ, ಆಗುವುದಿಲ್ಲ. ಸಂಜೆ ಬುಟ್ಟಿ ಬಿಚ್ಚಿದರೆ ನೂರೈನ್ ಹತ್ತಿರ ಬಂದು ನೋಡುತ್ತಾಳೆ. ಕೂಸು ಹುಟ್ಟಿದ ಮೇಲೆ ತೊಟ್ಟಿಲ ಕೆಳಗೆ ಮಿಸ್ರಿ ಮಲಗುತ್ತದೆ, ಅದರ ಪಕ್ಕ ತಾನು ಕುಚ್ಚು ಕಟ್ಟುತ್ತ ಒಂದು ಕಾಲಿನಲ್ಲಿ ತೊಟ್ಟಿಲು ತೂಗುತ್ತೇನೆ. ಮಗುವನ್ನು ನೋಡಿಕೊಳ್ಳಲು ಯಾರಾದರೂ ಬೇಕೇ ಬೇಕಲ್ಲ. ಹೀಗೆ ತನ್ನನ್ನು ಆ ಮನೆಗೆ ಬೇಕಾದವಳನ್ನಾಗಿ ಮಾಡಿಕೊಳ್ಳುತ್ತ ಕೂತಿದ್ದಾಗ ಸದ್ದು ನಿಂತಿತು. "ಲಕ್ಕಣ್ಣ, ಲೈಟ್ ಹಿಡೀರಿ. ಇಲ್ಲಿ, ಇಲ್ಲಿ" ಎಂದು ಡಾಕ್ಟರ್ ಹೇಳಿದ್ದು ಕೇಳಿಸಿತು. ಏನೋ ಲೋಹದ್ದು ಕೆಳಗೆ ಬಿತ್ತು. ಆಮೇಲೆ ಬಹಳ ಹೊತ್ತು ಡಾಕ್ಟರ ಉಸಿರಿನ ಸದ್ದು ಮಾತ್ರ, ಓಡಿ ಬಂದವರ ಹಾಗೆ. ಅಂಬರೀನ್ ಎದ್ದು ನಿಂತಳು. ಕೆಮ್ಮು ಬಂತು, ನುಂಗಿದಳು. ಮೂವತ್ತು ಎಣಿಸಿ ಮತ್ತೆ ಒಂದರಿಂದ ಶುರು ಮಾಡಿದಳು. ಎಷ್ಟು ಸಲ ಎಣಿಸಿದಳೋ ಲೆಕ್ಕವಿಡಲಿಲ್ಲ.

ಡಾಕ್ಟರ್ ಹೊರಗೆ ಬಂದಾಗ ಅವರ ಹಣೆಯ ಮೇಲೆ ಟೋಪಿಯ ಗುರುತಿತ್ತು. ಕೈಗವಸನ್ನು ಬಿಚ್ಚುತ್ತ, ಬಿಚ್ಚಲಾಗದೆ, "ಉಸಿರು ನಿಂತುಬಿಡ್ತು. ತುಂಬಾ ಪ್ರಯತ್ನ ಪಟ್ಟೆ. ಬರ್ಲಿಲ್ಲ" ಎಂದರು. "ತಪ್ಪು ನನ್ನದೇ. ಡೋಸ್ ಇನ್ನೂ ಕಮ್ಮಿ ಮಾಡಬೇಕಿತ್ತೇನೋ. ಎದೆ ಸರಿಯಾಗಿ ಕೇಳಿಸ್ಕೊಳ್ಳದೆ ಶುರು ಮಾಡಬಾರದಿತ್ತು. ದಯವಿಟ್ಟು ನನ್ನ ಕ್ಷಮಿಸಿ." ಅಂಬರೀನ್ ಏನು ಹೇಳಿದಳು? ನಿಜ ಹೇಳಲು ಅದೇ ಹೊತ್ತು, ಎದುರಿಗೇ ಇತ್ತು. ಅವಳು ಡಾಕ್ಟರ ಮೊಣಕೈ ಮುಟ್ಟಿ, "ಇರ್ಲಿ ಬಿಡಿ ಮೇಡಂ. ಅಲ್ಲಾನ ಇಷ್ಟ. ನೀವೇನು ಮಾಡ್ತೀರಿ" ಎಂದಳು. ಸಮಾಧಾನ ಮಾಡಿದಳು. ದೊಡ್ಡ ಮನಸ್ಸಿನವಳ ಹಾಗೆ. ಲಕ್ಕಣ್ಣ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟು, "ನಮ್ಮ ಮೇಡಂ ಕೈಲಿ ಹಿಂಗೆ ಆಗಿದ್ದೇ ಇಲ್ಲ ಕಣಮ್ಮಾ" ಎಂದ. ಬೆಕ್ಕು ಇನ್ನೂ ಬೆಚ್ಚಗಿತ್ತು. ಫೀಸು ತೆಗೆದುಕೊಳ್ಳಲಿಲ್ಲ.

ಕಡೂರಿನ ಬಸ್ಸು ಖಾಲಿಯಾಗಿಯೇ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೂತು ಅಂಬರೀನ್ ಬುಟ್ಟಿಯ ಬಟ್ಟೆ ಸರಿಸಿದಳು. ಮಿಸ್ರಿಯ ತುಟಿ ಒಂದು ಕಡೆ ಮೇಲಕ್ಕೆ ಸಿಕ್ಕಿಕೊಂಡಿತ್ತು. ಬಲಗಡೆಯ ಹಲ್ಲುಗಳೆಲ್ಲ ಬೆಳ್ಳಗೆ, ಮರಿಯ ಹಲ್ಲಿನಷ್ಟು ಬೆಳ್ಳಗೆ ಇದ್ದವು. ಎಡಗಡೆ ಹಳದಿ ಕಲ್ಲು ಹಾಗೇ ಇತ್ತು. ಅಷ್ಟರಲ್ಲಿ ಫೋನ್ ಬಂತು, ಜಾವೀದ್.

"ಆಯ್ತಾ ಆಪಾ?"

"ಆಯ್ತು."

"ವಾಸನೆ ಹೋಯ್ತಾ ಅಂತ ನೂರೈನ್ ಕೇಳ್ತಾವಳೆ."

ಅಂಬರೀನ್ ಬುಟ್ಟಿಗೆ ಮುಖ ಬಗ್ಗಿಸಿದಳು. ಔಷಧದ ತಣ್ಣನೆಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಒಂಬತ್ತು ವರ್ಷ ತನ್ನ ಕಾಲಿನ ಮೇಲೆ ಮಲಗಿದ ಜೀವದ ಯಾವ ವಾಸನೆಯೂ ಇರಲಿಲ್ಲ. "ಹೋಯ್ತು" ಎಂದಳು.

"ಸದ್ಯ. ಬೀರಪ್ಪನಿಗೆ ಬೇಡ ಅಂತ ಹೇಳ್ಬಿಡ್ತೀನಿ. ನೀನು ಬೇಗ ಬಂದ್ಬಿಡು. ನೂರೈನ್ ಅದಕ್ಕೆ ಅಂತ ಮೀನಿನ ತಲೆ ತರಿಸವ್ಳೆ, ಮೂಗಿಗೆ ಬಟ್ಟೆ ಕಟ್ಕೊಂಡು ತಾನೇ ಬೇಯಿಸ್ತಾ ಕೂತವ್ಳೆ" ಎಂದು ಜಾವೀದ್ ನಕ್ಕು ಫೋನ್ ಇಟ್ಟ.

ಅವಳು ಫೋನನ್ನು ಕೈಯಲ್ಲಿ ಹಿಡಿದು ಹಾಗೇ ಕೂತಳು. ಬೆಕ್ಕು ಸತ್ತದ್ದಕ್ಕೆ ಅಳು ಬರಬೇಕಿತ್ತು, ಮೀನಿನ ತಲೆಗೆ ಬಂತು. ಆ ಹುಡುಗಿ ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುತ್ತ ಒಲೆಯ ಮುಂದೆ ನಿಂತಿದ್ದಾಳೆ. ನೆಗಡಿ ಇದೆ ನೂರೈನ್, ಒಂದು ತಿಂಗಳು ಟೈಮ್ ಕೊಡು ಎಂದು ಕೇಳಿದ್ದರೆ ಕೊಡುತ್ತಿದ್ದಳೋ ಏನೋ. ಅಂಬರೀನ್ ಕೇಳಿಯೇ ಇರಲಿಲ್ಲ. ಇಲ್ಲ ಎನ್ನಿಸಿಕೊಳ್ಳುವುದಕ್ಕಿಂತ ಮುಚ್ಚಿಡುವುದೇ ಸಲೀಸು ಎಂದು ಯಾವ ಕಾಲದಲ್ಲೋ ಕಲಿತದ್ದು. ಕಲಿಸಿದ ಅಮ್ಮಿಯೂ ಸತ್ತು ನಾಲ್ಕು ವರ್ಷವಾಯಿತು. ಅಮ್ಮಿಯ ಮೇಲೆ ಅವಳಿಗೆ ಅಂದಿನವರೆಗೂ ಸಿಟ್ಟು ಬಂದಿರಲಿಲ್ಲ, ಈಗಲೂ ಪೂರ್ತಿ ಬರಲಿಲ್ಲ. ಅಮ್ಮಿಯ ಕೈ ಒರಟಾಗಿತ್ತು ನಿಜ, ಆದರೆ ದುಪ್ಪಡಿಯೊಳಗೆ ಆಕೆಯ ಕಣ್ಣಿನಲ್ಲೂ ನೀರು ಸುರಿಯುತ್ತಿತ್ತು. ಬಸ್ಸು ತುಂಬುತ್ತಿತ್ತು. ಪಕ್ಕದಲ್ಲಿ ಒಬ್ಬ ಮುದುಕಿ ಬಂದು ಕೂತಳು, ಮೂಗು ಮುಚ್ಚಿಕೊಳ್ಳಲಿಲ್ಲ. ಬೇರೆ ಕಂಡಕ್ಟರ್ ಬಂದು, "ಬುಟ್ಟೀಲಿ ಏನಮ್ಮಾ?" ಎಂದ. ಏನೂ ಇಲ್ಲ ಎನ್ನಲು ಅವಳ ಬಾಯಿ ತಾನಾಗಿಯೇ ತೆರೆಯಿತು. ಬುಟ್ಟಿಯನ್ನು ಎದೆಗವಚಿಕೊಂಡು, ಮುದುಕಿಯ ಕಾಲು ದಾಟಿ, ಇಳಿದುಬಿಟ್ಟಳು.

ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಲಕ್ಕಣ್ಣ, ಬಿಳಿ ನಾಯಿಮರಿ ಹಿಡಿದು ಬಂದಿದ್ದವರನ್ನು ವಾಪಸ್ ಕಳಿಸುತ್ತಿದ್ದ. "ಮೇಡಂ ಇವತ್ತು ಯಾವುದಕ್ಕೂ ಮಂಪರು ಕೊಡಲ್ವಂತೆ. ಮೆಷೀನನ್ನೂ ಕಳಿಸಿಬಿಡಿ ಅಂದ್ರು" ಎನ್ನುತ್ತಿದ್ದ. ಒಳಗೆ ಡಾಕ್ಟರ್ ಹೇಮಶ್ರೀ ಮೇಜಿನ ಮುಂದೆ ಕೂತಿದ್ದರು. ಎದುರಿಗೆ ಮಿಸ್ರಿಯ ಕಾರ್ಡ್ ಇತ್ತು. ಅದನ್ನೇ ಓದುತ್ತಿದ್ದರು, ಎಲ್ಲಿ ತಪ್ಪಿತು ಎಂದು ಹುಡುಕುವವರ ಹಾಗೆ. ಅಂಬರೀನ್ ಬುಟ್ಟಿಯನ್ನು ಕೆಳಗಿಡಲಿಲ್ಲ.

"ಇತ್ತು ಮೇಡಂ" ಎಂದಳು.

"ಏನು?"

"ನೆಗಡಿ. ಒಂಬತ್ತು ದಿನದಿಂದ ಇತ್ತು. ರಾತ್ರಿ ಲೋಬಾನ್ ಹೊಗೆ ಹಾಕಿ ನಾನೇ ಮೂಗು ಒಣಗಿಸ್ಕೊಂಡು ಬಂದೆ. ನೀವು ಎದೆ ನೋಡ್ವಾಗ ಗುರುಗುಟ್ಲಿ ಅಂತಾನೇ ಗಲ್ಲ ಕೆರೀತಿದ್ದೆ. ನಿಮ್ಮದೇನೂ ತಪ್ಪಿಲ್ಲ. ಡೋಸೂ ಅಲ್ಲ, ಏನೂ ಅಲ್ಲ."

ಡಾಕ್ಟರ್ ಅವಳನ್ನು ನೋಡಿದರು. ಮೊದಲು ಅವರ ಮುಖ ಸಡಿಲವಾಯಿತು, ದೊಡ್ಡ ಹೊರೆ ಇಳಿಸಿದ ಹಾಗೆ. ಅದರ ಹಿಂದೆಯೇ ಸಿಟ್ಟು ಬಂತು. ಅಂಬರೀನ್ ಆ ಸಿಟ್ಟಿಗೆ ಕಾದೇ ನಿಂತಿದ್ದಳು.

"ಎರಡು ಸಲ ಕೇಳ್ದೆ ನಾನು."

"ಕೇಳಿದ್ರಿ."

"ಹೇಳಿದ್ರೆ ಏನಾಗ್ತಿತ್ತು? ಔಷಧಿ ಕೊಟ್ಟು ವಾಪಸ್ ಕಳಿಸ್ತಿದ್ದೆ ಅಷ್ಟೆ. ಬದುಕಿರ್ತಿತ್ತು ಅದು."

"ವಾಪಸ್ ಕಳಿಸ್ತೀರ ಅಂತಾನೇ ಹೇಳ್ಲಿಲ್ಲ ಮೇಡಂ."

ಇಷ್ಟು ಹೇಳುವಷ್ಟರಲ್ಲಿ ಕೆಮ್ಮು ಬಂತು. ನಾಲಿಗೆ ಅಭ್ಯಾಸಬಲದಿಂದ ಅಂಗುಳಕ್ಕೆ ಹೋಯಿತು. ಒಂದು, ಎರಡು, ಮೂರು. ನಾಲ್ಕನ್ನು ಅವಳು ಎಣಿಸಲಿಲ್ಲ. ಬುಟ್ಟಿಯ ಮೇಲೆ ಬಗ್ಗಿ ಕೆಮ್ಮಿದಳು. ಕೆಮ್ಮಿನ ಹಿಂದೆ ಕೆಮ್ಮು ಬಂತು, ನಡುವೆ ಉಸಿರೆಳೆದರೆ ಎದೆಯಲ್ಲಿ ಸೀಟಿ ಹೊಡೆಯಿತು. ನಾಯಿಮರಿಯವರು ಬಾಗಿಲಿನಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಲಕ್ಕಣ್ಣ ಲೋಟದಲ್ಲಿ ನೀರು ಹಿಡಿದು ನಿಂತ. ಡಾಕ್ಟರ ಮುಖದ ಸಿಟ್ಟು ಇಳಿದಿರಲಿಲ್ಲ. ಆದರೂ ಅವರು ಎದ್ದು ಬಂದು ಸ್ಟೂಲನ್ನು ಕಾಲಿನಿಂದ ಅವಳ ಕಡೆ ತಳ್ಳಿ, ಅವಳು ಕೂರುವವರೆಗೂ ಕಾದರು.

"ಎಷ್ಟು ದಿನದಿಂದ ಇದೆ ಈ ಕೆಮ್ಮು?"

ಇಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಂಬರೀನ್ ಬುಟ್ಟಿಯೊಳಗೆ ಕೈಯಿಟ್ಟು, ತಣ್ಣಗಾಗುತ್ತಿದ್ದ ಗಲ್ಲದ ಕೆಳಗೆ ಬೆರಳು ಇಟ್ಟುಕೊಂಡಳು.

"ಚಿಕ್ಕಂದಿನಿಂದ್ಲೂ ಇದೆ" ಎಂದಳು.